ಇಬ್ಬನಿ ಕೂರದ ಮೂಲೆ

ಬ್ಯಾಡಗಿ, ಇಬ್ಬನಿ ತಿಂಗಳ ಮೂವತ್ತನಾಲ್ಕನೆಯ ದಿನ, ೨೧೮೬

ಮೊದಲ ಪದರದ ಹಿರಿಯರೇ,

ಇಂದು ಬೆಳಿಗ್ಗೆ ಚಾವಣಿಯ ತುಂಬ ಇಬ್ಬನಿ ಬಿದ್ದಿತ್ತು. ಈಶಾನ್ಯ ಮೂಲೆಯಲ್ಲಿ ಮಾತ್ರ ಒಂದು ಚಾಪೆಯಷ್ಟು ಜಾಗ ಒಣಗಿತ್ತು. ಅದರ ಸಂಭ್ರಮದಲ್ಲೇ ಬರೆಯುತ್ತಿದ್ದೇನೆ. ಈ ತೇದಿ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನಮ್ಮ ತಿಂಗಳುಗಳು ಹವೆ ಬದಲಾದಾಗಲೇ ಮುಗಿಯುತ್ತವೆ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ.

ನೀವು ಕೋಲ್ಡ್ ಸ್ಟೋರೇಜ್ ಎನ್ನುತ್ತಿದ್ದ ಮೆಣಸಿನಕಾಯಿಯ ತಂಪುಮನೆ ಇನ್ನೂ ನಿಂತಿದೆ. ಹಳೆಯ ತಗಡಿನ ಚಾವಣಿಯನ್ನು ಕೀಳದೆ ಅದರ ಮೇಲೆಯೇ ನೀವು ಬಿಸಿಲು, ಮಳೆ ತಡೆಯುವ ನೊರೆ ಸಿಂಪಡಿಸಿದಿರಿ. ನೀರಿನಂತೆ ಬಿದ್ದದ್ದು ನೋಡನೋಡುತ್ತಲೇ ಉಬ್ಬಿ, ಗಟ್ಟಿಯಾಗಿ, ಒಂದೂ ಸಂದಿಲ್ಲದ ಹೊದಿಕೆಯಾಯಿತು. ಆಮೇಲಿನವರೂ ಮೂವತ್ತು ವರ್ಷಕ್ಕೊಮ್ಮೆ ಹಾಗೆಯೇ ಮಾಡಿದರು. ಇಂದಿನದು ಆರನೆಯ ಪದರ. ಈ ಕೆಲಸದವರನ್ನು ನೊರೆಗಾರರು ಎನ್ನುತ್ತೇವೆ. ಸಾಹಿತ್ಯ ಓದಿದ ನಾನು ಅವರ ಪದರಪುಸ್ತಕ ಬರೆಯುವವಳು. ಯಾವ ದಿನ, ಎಷ್ಟು ದಪ್ಪ, ಹವೆ ಹೇಗಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ನಿಮ್ಮ ಪುಟವನ್ನು ಕಾದಂಬರಿಯಂತೆ ಎಷ್ಟು ಸಲ ಓದಿದ್ದೇನೋ! 'ಮುಹೂರ್ತ ೬.೪೦. ಈಶಾನ್ಯದಲ್ಲಿ ಕಾಯಿ ಒಡೆದು ಶುರು.'

ಇನ್ನೊಂದು ಹಳೆಯ ಪುಟದ ಅಂಚಿನಲ್ಲಿ ಯಾರೋ ಬರೆದಿಟ್ಟಿದ್ದರು: ಒಣ ನೊರೆ ರಾತ್ರಿ ಬೇಗ ತಣಿಯುತ್ತದೆ, ಅದರ ಮೇಲೆ ಇಬ್ಬನಿ ಕೂರುತ್ತದೆ, ಒಳಗೆ ನೀರಿದ್ದರೆ ಹಗಲಿನ ಬಿಸಿ ಉಳಿದು ಇಬ್ಬನಿ ಕೂರುವುದಿಲ್ಲ. ಅಂದರೆ ಒಣಗಿದಂತೆ ಕಂಡ ಮೂಲೆಯೇ ಒದ್ದೆ! ನಮ್ಮ ಹಿರಿಯ ನೊರೆಗಾರ್ತಿ ಫಕ್ಕೀರವ್ವನವರು ಆ ಮೂಲೆ ಹೇಗೂ ಒಣಗಿದೆ, ಮುಹೂರ್ತ ಮೀರುವುದು ಬೇಡ ಎಂದು ಕಾಯಿ ಹಿಡಿದು ಅಲ್ಲಿಗೇ ಹೊರಟಿದ್ದರು. ಮುಚ್ಚಿಬಿಟ್ಟರೆ ನೀರು ಇನ್ನೂ ಮೂವತ್ತು ವರ್ಷ ಒಳಗೇ. ಕೆಳಗಿನ ನಾಲ್ಕು ಸಾವಿರ ಚೀಲ ಮೆಣಸಿನಕಾಯಿಗೆ ಬೂಷ್ಟು ಹಿಡಿಯುತ್ತಿತ್ತು. ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆಯದ ನಾನು, "ಅವ್ವಾ, ಅಲ್ಲಿ ಬ್ಯಾಡ್ರಿ, ಅಲ್ಲೇ ನೀರೈತ್ರಿ" ಎಂದುಬಿಟ್ಟೆ.

"ಕಸ್ತೂರಿ ಬಾಯಿ ಬಿಟ್ಟಾಳ! ಇವತ್ತ ಮಳಿ ಗ್ಯಾರಂಟಿ" ಎಂದು ಪೈಪು ಹಿಡಿದವರೆಲ್ಲ ನಕ್ಕರು. ಫಕ್ಕೀರವ್ವ ನಗಲಿಲ್ಲ. ಚೂರಿ ತರಿಸಿ ಅಂಗೈಯಗಲ ಕೊಯ್ದರು. ನೀರು ಜಿನುಗಿತು. ಐದೂ ಪದರ ದಾಟಿ, ತಗಡಿನ ಮೇಲೆ ಸಿಕ್ಕಿದ್ದೇನು ಗೊತ್ತೇ? ನಿಮ್ಮ ಕಾಯಿಯ ಕರಟದ ಚೂರು! ಮುಹೂರ್ತ ತಪ್ಪಬಾರದೆಂದು ನೀವು ಕಾಯಿನೀರೂ ಇಬ್ಬನಿಯೂ ಆರುವ ಮುನ್ನವೇ ನೊರೆ ಹಾಕಿದ್ದಿರಿ. ಒದ್ದೆಯ ಮೇಲೆ ಅದು ಕಚ್ಚದೆ ಗುಳ್ಳೆ ಎದ್ದಿತು, ಮೇಲಿನ ಪದರಗಳೂ ಅಲ್ಲೇ ಬಿರಿದವು, ಮಳೆನೀರು ಇಳಿಯಿತು. ಬೇಸರಿಸಬೇಡಿ, ನಿಮ್ಮ ನಂತರದವರೆಲ್ಲರೂ ಅದೇ ಮೂಲೆಯಲ್ಲಿ ಕಾಯಿ ಒಡೆದವರೇ.

ನಿಮ್ಮಲ್ಲಿ ಒಂದು ಕೋರಿಕೆ. ಪೂಜೆ ಮಾಡಿ, ಆದರೆ ಕಾಯಿಯನ್ನು ಕೆಳಗೆ ಅಂಗಳದಲ್ಲಿ ಒಡೆಯಿರಿ. ಚಾವಣಿ ಆರುವವರೆಗೆ ದೇವರು ಕಾಯುತ್ತಾನೆ.

ಪದರಪುಸ್ತಕದಲ್ಲಿ 'ದೋಷ ಕಂಡವರು' ಎಂಬ ಸಾಲೊಂದಿದೆ. ಬೇರೆ ಚಾವಣಿಗಳಲ್ಲಿ ನಾನೇ ಕಂಡು ಫಕ್ಕೀರವ್ವನ ಕಿವಿಯಲ್ಲಿ ಹೇಳಿದ ದೋಷಗಳಿಗೂ ಇಷ್ಟು ದಿನ ಅಲ್ಲಿ 'ತಂಡ' ಎಂದೇ ಬರೆದೆ. ಇಂದಿನ ಪುಟ ತುಂಬುವಾಗ, ಯಾರನ್ನೂ ಕೇಳದೆ, ಅಲ್ಲಿ ನನ್ನ ಹೆಸರು ಬರೆಯುತ್ತೇನೆ.

ಕಸ್ತೂರಿ ಮೋಟೆಬೆನ್ನೂರ