ಬಂಪರಿನ ಕಪ್ಪು ಬಣ್ಣ

ಏಪ್ರಿಲ್ 14, ಶನಿವಾರ. ಮೋಆಬ್.

ನನ್ನ ಗಂಡ ಲೈಲನ ಮುಖ ನೋಡಿದರೆ ಅಸಹ್ಯವಾಗುತ್ತಿದೆ. ಬಂಡೆ ಹತ್ತಿಸುವುದಕ್ಕೆಂದೇ ಜೀಪು ಕೊಂಡ ಗಂಡಸು, ಅದರ ಬಣ್ಣಕ್ಕೆ ಗೀರು ಬೀಳಬಾರದೆಂದು ಒದ್ದಾಡುತ್ತಾನೆ!

ಬಂಪರಿಗೆ ರೇಡಿಯೋ ಆಂಟೆನಾ ಕೂರಿಸುವಾಗಲೇ ಹೇಳಿದ್ದೆ: "ಬೋಲ್ಟ್ ಕೂರೋ ಜಾಗದಲ್ಲಿ ಪೇಂಟ್ ಕೆರೆದುಬಿಡೋ. ಬರೀ ಕಬ್ಬಿಣ ತಾಗದಿದ್ರೆ ಅರ್ಥಿಂಗ್ ಸಿಗಲ್ಲ, ಮಾತು ದೂರ ಹೋಗಲ್ಲ."

"ಹೊಸ ಬಂಪರ್ ಕಣೇ! ತುಕ್ಕು ಹಿಡಿಯುತ್ತೆ."

ಆಂಟೆನಾ ಸರಿಯಿದೆಯೇ ಎಂದು ಮೀಟರ್ ಹಚ್ಚಿ ಪರೀಕ್ಷೆ ಮಾಡಿದಾಗ ಅದರ ಮುಳ್ಳು ಕೆಂಪಿನಲ್ಲೇ ನಿಂತಿತ್ತು. ಮೀಟರೇ ಕೆಟ್ಟಿದೆ ಎಂದ, ಮಹಾಶಯ.

ಇವತ್ತು ಬಂಡೆ ಹತ್ತಲು ಹೊರಟ ಜೀಪುಗಳ ಸಾಲಿನಲ್ಲಿ ಕೊನೆಯದು ನಮ್ಮದು. ಯಾರಾದರೂ ಸಿಕ್ಕಿಕೊಂಡರೆ ಮುಂದಿನವರಿಗೆ ಹೇಳಬೇಕಾದವರು ನಾವೇ. ನಮ್ಮೆದುರಿಗೇ, ನಮ್ಮ ಗುಂಪಿನ ಬರ್ನಿಸ್ ಅಜ್ಜಿಯ ಜೀಪು ಬಂಡೆಯ ಅಂಚಿನಿಂದ ಜಾರಿ, ದಾರಿಗಡ್ಡವಾಗಿ ವಾಲಿತು. ಲೈಲ್ ರೇಡಿಯೋ ಮೈಕ್ ಹಿಡಿದು ಕೂಗಿದ್ದೇ ಕೂಗಿದ್ದು, ಯಾರಿಗೂ ಕೇಳಿಸಲಿಲ್ಲ. ಕೊನೆಯವರು ಸುಮ್ಮನಿದ್ದಾರೆಂದರೆ ಎಲ್ಲ ಸರಿಯಿದೆ ಎಂದುಕೊಂಡು ಮುಂದಿನವರು ಹೊರಟೇಹೋದರು. ನಾನು ಬಿಸಿಲಲ್ಲಿ ಓಡಿ ಅವರನ್ನು ಕರೆತರುವ ತನಕ ಅಜ್ಜಿ ಆ ವಾಲಿದ ಜೀಪಿನೊಳಗೇ ಸ್ಟಿಯರಿಂಗ್ ಅಪ್ಪಿಕೊಂಡು ಕೂತಿದ್ದಳು.

"ನಿನ್ನ ಗಂಡ ಈ ಗಾಡೀನ ಮದುವೆ ಮೆರವಣಿಗೆಗೆ ತಂದಿದ್ದಾನೇನೇ?" ಎಂದಳು, ಹೊರಗೆ ಎಳೆದ ಮೇಲೆ.

ಮನೆಗೆ ಬಂದವನು ಮೊದಲು ಒರೆಸಿದ್ದು ಬಂಪರನ್ನು. ಥೂ.

ನಾನೇ ಬೋಲ್ಟ್ ಬಿಚ್ಚಿ, ಅರ ಹಿಡಿದು, ಕಬ್ಬಿಣ ಹೊಳೆಯುವ ತನಕ ತಿಕ್ಕಿ ಮತ್ತೆ ಬಿಗಿದೆ. ಮೀಟರಿನ ಮುಳ್ಳು ಕೆಂಪಿನಿಂದ ತಣ್ಣಗೆ ಕೆಳಗಿಳಿಯಿತು. "ನೋಡು" ಎಂದೆ. ಅವನು ಮೀಟರನ್ನು ನೋಡಲಿಲ್ಲ, ಕೆರೆದ ಜಾಗವನ್ನು ನೋಡಿದ.

ಈಗ ಹೊರಗೆ ದೀಪ ಉರಿಯುತ್ತಿದೆ. ಆಗಲೇ ಸ್ಪ್ಯಾನರ್ ಸದ್ದಾಯಿತು. ಈಗ ಪೇಂಟ್ ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತಿದ್ದಾನೆ.