ಬೋಳನು ನುಂಗಿದ ಸ್ವರಗಳು

ಭದ್ರಾವತಿ,
೧೯೪೩ನೇ ಇಸವಿ ನವೆಂಬರ್ ೭, ಭಾನುವಾರ

ಪ್ರೀತಿಯ ತಮ್ಮ ಷಣ್ಮುಖನಿಗೆ,

ನಿನ್ನ ಕೆಮ್ಮು ಹೇಗಿದೆ? ಕಳೆದ ಕಾಗದದಲ್ಲಿ ಅದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀಯೆ. ಹಾಗೆ ದಾಟಿಸಿದ್ದರಿಂದಲೇ ನನಗೆ ಯೋಚನೆಯಾಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಗ್ರಾಮಫೋನು ಪ್ಲೇಟುಗಳ ಧೂಳಿನ ನಡುವೆ ಮಲಗುವುದನ್ನು ಬಿಡು. ಬಿಸಿನೀರಿಗೆ ಜೀರಿಗೆ ಹಾಕಿಕೊಂಡು ಕುಡಿ. ಇದು ಶಿವಮೊಗ್ಗದಿಂದ ಅಕ್ಕ ಹೇಳಿಕಳಿಸಿದ್ದು, ನಾನು ಸೇರಿಸಿದ್ದು ಏನೂ ಇಲ್ಲ. ಇಲ್ಲಿ ನಾವು ಮೂವರೂ ಇದ್ದೇವೆ. ಚಿನ್ನಮ್ಮನಿಗೆ ದಸರೆಯಲ್ಲಿ ಮತ್ತೆ ಚಳಿಜ್ವರ ಬಂದಿತ್ತು. ಜ್ವರ ಬಿಟ್ಟಿದೆ, ಆದರೆ ಹೊಟ್ಟೆಯ ಎಡಗಡೆ ಜ್ವರಗಡ್ಡೆ ಕೈಗೆ ಸಿಗುತ್ತದೆ. ಈ ಊರಿನಲ್ಲಿ ಇರುವವರೆಗೆ ಅದು ಕರಗುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಆರು ವರ್ಷದ ಮಗು ಮುಖ ಕಿವಿಚದೆ ಕ್ವಿನೈನು ನುಂಗುವುದನ್ನು ನೋಡಲು ನನಗೆ ಆಗುವುದಿಲ್ಲ. ಅತ್ತರೆ ಸಮಾಧಾನವಾದರೂ ಮಾಡಬಹುದಿತ್ತು.

ನನ್ನನ್ನು ಕೆಲಸಕ್ಕೆ ಕರೆದಿರುವ ನಿನ್ನ ಅಂಗಡಿಯ ಸೇಟರಿಗೆ ಏನು ಹೇಳಲಿ ಎಂದು ನೀನು ಎರಡು ಕಾಗದದಲ್ಲಿ ಕೇಳಿದ್ದೀಯೆ, ನಾನು ಉತ್ತರ ಬರೆದಿಲ್ಲ. ನಿನ್ನ ಅತ್ತಿಗೆ ಮಾತ್ರ ತನ್ನ ಉತ್ತರವನ್ನು ಆಗಲೇ ಊರಿಗೆಲ್ಲ ಕೊಟ್ಟಾಗಿದೆ. ಬೊಂಬಾಯಿಯಲ್ಲಿ ಕೂತು ಪ್ಲೇಟು ಕೇಳುವುದೇ ಕೆಲಸ, ಊರು ಬಿಟ್ಟು ಹೋಗುವವರು ಮಾರಿದ ಪೆಟ್ಟಿಗೆಗಳಲ್ಲಿ ಯಾವುದು ಸವೆದಿದೆ, ಯಾವುದು ಕೊಳ್ಳಲು ಯೋಗ್ಯ ಎಂದು ಹೇಳಿದರೆ ಸಂಬಳ, ಸಮುದ್ರದ ಗಾಳಿಗೆ ಮಗುವಿನ ಗಡ್ಡೆ ಇಳಿಯುತ್ತದೆ. ಇಷ್ಟನ್ನು ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದ್ದಾಳೆ. ‘ಕಿವಿ ಎಲ್ರಿಗೂ ಇದೆ, ಸಂಬಳ ಬರೋದು ನಿಮ್ಮ ಕಿವಿಯೊಂದಕ್ಕೇ’ ಎಂದು ನನ್ನನ್ನೇ ಹಾಸ್ಯ ಮಾಡುತ್ತಾಳೆ. ಕಂಬಳಿಗಳು ಟ್ರಂಕಿಗೆ ಹೋಗಿವೆ. ನಾವು ರಾತ್ರಿ ಅವಳ ಹಳೆಯ ಸೀರೆ ಹೊದ್ದು ಮಲಗುತ್ತೇವೆ.

ಈ ಕೆಲಸ ನನ್ನನ್ನು ಹುಡುಕಿಕೊಂಡು ಬಂದದ್ದು ಹೇಗೆ ಎಂಬುದನ್ನು ಮೊದಲಿನಿಂದ ಹೇಳದಿದ್ದರೆ ಮುಂದಿನದನ್ನು ಬರೆಯಲು ನನ್ನ ಕೈ ಏಳುವುದಿಲ್ಲ. ಗೊತ್ತಿರುವ ಸಂಗತಿ ಎಂದು ಬೇಸರಪಡಬೇಡ. ಶಿವಮೊಗ್ಗದಲ್ಲಿ ಸ್ವದೇಶಕ್ಕೆ ಹೊರಟ ದೊರೆಯೊಬ್ಬನ ಮನೆಯ ಹರಾಜಿನಲ್ಲಿ ನಾವು ಗ್ರಾಮಫೋನು ಹಿಡಿದದ್ದು ನಾಟಕದ ಹಾಡು ಕೇಳುವ ಆಸೆಗೆ. ಅದರ ಜೊತೆಗೆ ಬಂದದ್ದು ಒಂದು ಪಿಯಾನೋ ಕನ್ಸರ್ಟೊದ ಪ್ಲೇಟುಗಳ ಕಟ್ಟು. ಒಬ್ಬ ಪಿಯಾನೋದವನು, ಅವನ ಎದುರಿಗೆ ದೊಡ್ಡ ಮೇಳ, ಇಬ್ಬರಿಗೂ ಅರ್ಧ ಗಂಟೆಗೂ ಮೀರಿದ ವಾದ. ‘ಪಾತ್ರೆ ತೊಳೆಯೋರು ಜಗಳ ಆಡ್ದಂಗಿದೆ, ನಿಲ್ಸ್ರೋ’ ಎಂದು ಅಪ್ಪ ಎದ್ದುಹೋಗುತ್ತಿದ್ದರು. ಬೇರೆ ಪ್ಲೇಟು ಇರಲಿಲ್ಲವಾಗಿ ಅದನ್ನೇ ಕೇಳಿದೆವು, ಕೇಳಿ ಕೇಳಿ ಅದು ನಮ್ಮದಾಯಿತು. ಕಟ್ಟಿನ ಮೇಲಿನ ಚಿತ್ರ ನೋಡಿ ನುಡಿಸುವವನಿಗೆ ಮೀಸೆಯವನು ಎಂದು ನೀನೇ ಹೆಸರಿಟ್ಟೆ. ಆ ಕಾಲಕ್ಕೆ ನಾವಿಬ್ಬರೂ ಒಂದೇ ಬಂಗಾಳಿ ಕಾದಂಬರಿಯ ಎರಡು ಕನ್ನಡ ಅನುವಾದಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಯಾವನು ಎಲ್ಲಿ ಏನು ಬಿಟ್ಟ ಎಂದು ಹುಡುಕುತ್ತಿದ್ದೆವಲ್ಲ, ಮೀಸೆಯವನಿಗೂ ಒಬ್ಬ ಪ್ರತಿಸ್ಪರ್ಧಿ ಸಿಕ್ಕಿದರೆ ಆಗ ನಿಜ ತಿಳಿಯುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆವು.

ಆ ಪ್ರತಿಸ್ಪರ್ಧಿಯನ್ನು ನೀನು ಈ ಶ್ರಾವಣದಲ್ಲಿ ಕಳಿಸಿದೆ. ಅದೇ ಕನ್ಸರ್ಟೊ, ನುಡಿಸಿದವನು ಬೋಳುತಲೆಯವನು. ಜೊತೆಗೆ ಮೂರು ವರ್ಷದಿಂದ ಮುರಿದು ಬಿದ್ದಿದ್ದ ನಮ್ಮ ಗ್ರಾಮಫೋನಿಗೆ ಹೊಸ ಸ್ಪ್ರಿಂಗು. ಅಂಗಡಿಯಲ್ಲಿ ಇದ್ದದ್ದು ಅದೊಂದೇ ಕಟ್ಟು, ನೀನು ಕೇಳುವ ಮೊದಲೇ ನನಗೆ ಕಳಿಸಿದೆ. ನಾನು ನಾಲ್ಕು ಭಾನುವಾರ ಕೇಳಿ ಅಭಿಪ್ರಾಯ ಬರೆದೆ. ಎರಡನೆಯ ಭಾಗದಲ್ಲಿ, ಪಿಟೀಲುಗಳು ತಗ್ಗಿ ನಿಂತಾಗ, ಪಿಯಾನೋದವನ ಬಲಗೈ ತುತ್ತತುದಿಗೆ ಹೋಗಿ ಸಣ್ಣ ಸಣ್ಣ ಸ್ವರಗಳನ್ನು ಉದುರಿಸುವ ಜಾಗವಿದೆಯಲ್ಲ, ಮೀಸೆಯವನು ಒಂದೊಂದನ್ನೂ ಎಣಿಸಿ ಕೊಡುತ್ತಿದ್ದನಲ್ಲ, ಅದನ್ನು ಬೋಳನು ನುಂಗಿದ್ದಾನೆ ಎಂದು ಬರೆದೆ. ಹವೆಯ ವರ್ಣನೆ ಬಂದ ಕೂಡಲೇ ಪುಟ ಹಾರಿಸುವ ಅನುವಾದಕನಂತೆ ಇವನು, ಕಥೆ ಕೆಡುವುದಿಲ್ಲ, ಆದರೆ ಆ ಮನೆಯಲ್ಲಿ ಕಿಟಕಿಗಳೇ ಇರುವುದಿಲ್ಲ ಎಂದೂ ಬರೆದೆ. ಬರೆದು ನನಗೇ ಸಂತೋಷವಾಯಿತು. ನೀನು ಅದನ್ನು ಸೇಟರಿಗೆ ಓದಿ ಹೇಳಿದೆ. ಇಂಥ ಕಿವಿ ನನಗೆ ಬೇಕು ಎಂದು ಅವರು ಹೇಳಿದರೆಂದು ನಿನ್ನ ಕಾಗದ ಬಂತು. ಬೋಳನನ್ನು ಅಳೆಯುವಾಗ ಮೀಸೆಯವನ ಪ್ಲೇಟನ್ನು ನಾನು ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ. ಅವನು ನನಗೆ ಬಾಯಿಪಾಠ, ಮತ್ತೆ ಹಾಕುವುದೇಕೆ ಎಂದುಕೊಂಡಿದ್ದೆ.

ದೀಪಾವಳಿಗೆ ನಮ್ಮ ಸಾಮಿಲ್ಲು ನಿಂತಿತ್ತು. ನಿನ್ನ ಕಾಗದದ ಖುಷಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೇಳೋಣವೆಂದು ಕೂತೆ. ಚಿನ್ನಮ್ಮ ಪಕ್ಕದಲ್ಲಿದ್ದಳು. ಮೊದಲು ಬೋಳನನ್ನು ಹಾಕಿದೆ. ಎರಡನೆಯ ಭಾಗದಲ್ಲಿ ಆ ಜಾಗ ಬಂದಾಗ ಅವಳು ನನ್ನ ಮೊಣಕೈ ಹಿಡಿದು, ‘ಅಪ್ಪಾ, ಇಲಿ ಓಡ್ತು’ ಎಂದಳು. ಮೂಲೆಯಲ್ಲಿ ನೋಡಿದೆ. ಇಲಿ ಇರಲಿಲ್ಲ. ಸುಮ್ಮನಿರು ಎಂದು ಗದರಿ, ಮೀಸೆಯವನನ್ನು ಹಾಕಿದೆ. ಅದೇ ಜಾಗ ಬಂತು. ಪಿಟೀಲುಗಳು ತಗ್ಗಿದವು. ನನಗೆ ಮುಳ್ಳು ಪ್ಲೇಟಿನ ಮೇಲೆ ಉಜ್ಜುವುದೊಂದು ಬಿಟ್ಟರೆ ಏನೂ ಕೇಳಿಸಲಿಲ್ಲ. ಎಣಿಸಿ ಕೊಡುತ್ತಿದ್ದ ಮೀಸೆಯವನು ಒಂದನ್ನೂ ಕೊಡಲಿಲ್ಲ. ಚಿನ್ನಮ್ಮ ನಕ್ಕಳು. ‘ಇವನ ಇಲಿ ನಿಧಾನ ಅಪ್ಪಾ. ಅವಂದು ಹೆದರ್ಕೊಂಡು ಓಡತ್ತೆ, ಇವಂದು ತಿಂದ್ಕೊಂಡು ತಿಂದ್ಕೊಂಡು ಹೋಗತ್ತೆ.’ ಷಣ್ಮುಖ, ನಾನು ನಾಲ್ಕು ಭಾನುವಾರ ಕೂತು ಹೇಳಲಾರದ್ದನ್ನು ಮಗು ಒಂದು ಉಸಿರಿನಲ್ಲಿ ಹೇಳಿತು. ಮತ್ತೆ ಹಾಕು ಎಂದು ಅವಳು ಹಟ ಹಿಡಿದಳು. ಮತ್ತೆ ಹಾಕಿದೆ. ಅವಳು ಪ್ಲೇಟಿನ ಕಡೆ ನೋಡುತ್ತಿದ್ದಳು, ನಾನು ಅವಳ ಮುಖವನ್ನು ನೋಡುತ್ತಿದ್ದೆ.

ಮೊದಲು ಮುಳ್ಳು ಮೊಂಡಾಗಿದೆ ಎಂದುಕೊಂಡೆ, ಬದಲಾಯಿಸಿದೆ. ಆಮೇಲೆ ಕ್ವಿನೈನು ನುಂಗಿದವರ ಕಿವಿ ಕೆಲವು ದಿನ ಗುಂಯ್ ಎನ್ನುತ್ತದೆಯಲ್ಲ, ಅದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ನಾನು ಕ್ವಿನೈನು ಮುಟ್ಟಿ ವರ್ಷವಾಯಿತು. ಕೊನೆಗೆ ಕಿವಿನೋವು ಎಂದು ಮನೆಯಲ್ಲಿ ಹೇಳಿ ಶಿವಮೊಗ್ಗಕ್ಕೆ ಹೋದೆ. ಅಕ್ಕ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಬಗ್ಗಿಸಿ ಬಗ್ಗಿಸಿ ಎರಡೂ ಕಿವಿಗೆ ಬಿಟ್ಟಳು. ‘ಗರಗಸದ ಹೊಟ್ಟು ಸೇರ್ಕೊಂಡಿರತ್ತೆ ಬಿಡು ಮಾರಾಯ, ಒಂದು ಗುಡಾಣ ತುಂಬೋವಷ್ಟು’ ಎಂದಳು. ಎಣ್ಣೆ ಕೊರಳಿಗಿಳಿದು ಅಂಗಿ ಕೆಟ್ಟಿತು, ಅಷ್ಟೆ. ಅಲ್ಲಿಂದ ಡಾಕ್ಟರ ಹತ್ತಿರ ಹೋದೆ. ಅವರು ತಮ್ಮ ಜೇಬಿನ ಗಡಿಯಾರವನ್ನು ನನ್ನ ಕಿವಿಯ ಪಕ್ಕ ಹಿಡಿದು ಕೇಳುತ್ತದೆಯೇ ಎಂದರು. ನಿಂತ ಗಡಿಯಾರ ಹಿಡಿದು ನನ್ನ ಪ್ರಾಮಾಣಿಕತೆಯನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ. ತಿರುಗಿ ನೋಡಿದರೆ ಸೆಕೆಂಡಿನ ಮುಳ್ಳು ಓಡುತ್ತಿತ್ತು. ಗರಗಸದ ಬಳಿ ಕೆಲಸ ಮಾಡುವವರಿಗೆ ಸಣ್ಣ ಸ್ವರಗಳು ಮೊದಲು ಹೋಗುತ್ತವೆ, ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಬೇಕಾದರೆ ಆ ಕೆಲಸ ಬಿಡಿ ಎಂದರು. ಔಷಧ ಏನೂ ಬರೆಯಲಿಲ್ಲ. ಒಂದು ಸೀಸೆ ಬಣ್ಣದ ನೀರನ್ನಾದರೂ ಕೊಡಬಾರದಿತ್ತೇ ಎನ್ನಿಸಿತು.

ಯುದ್ಧ ಶುರುವಾದಂದಿನಿಂದ ಪರಮೇಶ್ವರಪ್ಪನವರ ಸಾಮಿಲ್ಲಿನಲ್ಲಿ ಗರಗಸ ಎರಡು ಪಾಳಿ ಓಡುತ್ತದೆ. ನಾನು ಅದರ ಪಕ್ಕದಲ್ಲೇ ನಿಂತು ದಿಮ್ಮಿಗಳ ಅಳತೆ ಬರೆದುಕೊಳ್ಳಬೇಕು. ಕರಿಯಣ್ಣ ಎಂಬವನು ಅಳತೆ ಕೂಗುತ್ತಾನೆ. ಈಚೆಗೆ ಕೂಗುವುದರ ಜೊತೆಗೆ ಬೆರಳನ್ನೂ ಎತ್ತಿ ತೋರಿಸುತ್ತಿದ್ದ. ಗದ್ದಲಕ್ಕೆ ಹಾಗೆ ಮಾಡುತ್ತಾನೆ ಎಂದು ನಾನು ತಿಳಿದಿದ್ದೆ. ಹಬ್ಬ ಕಳೆದು ಮತ್ತೆ ಕೆಲಸಕ್ಕೆ ಹೋದ ದಿನ ಅವನನ್ನು ಕೇಳಿದೆ. ‘ಗೊತ್ತಾಯ್ತಾ ಸ್ವಾಮಿ? ಬನ್ನಿ, ನಮ್ ಮಠಕ್ಕೆ ಸೇರ್ಕಂಡ್ರಿ. ಇಲ್ಲಿ ಮಂತ್ರ ಇಲ್ಲ, ಬರೀ ಕೈಸನ್ನೆ’ ಎಂದು ನಕ್ಕ. ಅವನ ಕಿವಿ ಹೋಗಿ ಎಷ್ಟೋ ವರ್ಷವಾಗಿದೆಯಂತೆ. ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ.

ಸೇಟರ ಕೆಲಸವನ್ನು ಹೇಗಾದರೂ ಮಾಡಬಹುದೇ ಎಂದು ಎಲ್ಲ ರೀತಿಯಿಂದಲೂ ಯೋಚಿಸಿದ್ದೇನೆ. ಚಿನ್ನಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಹೇಳಿದ್ದನ್ನು ನಾನು ಬರೆದರೆ ಆಗದೇ ಎಂದೂ ಯೋಚಿಸಿದೆ. ಇಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಗುವ ಮೊದಲು ಸ್ವಲ್ಪ ಹೊತ್ತು ಆಸೆಯೂ ಆಯಿತು. ಬೋಳನ ಮೇಲೆ ನಾನು ಹೊರಿಸಿದ ಮಾತನ್ನು ಸೇಟರು ಗಿರಾಕಿಗಳಿಗೂ ಹೇಳುತ್ತಿದ್ದಾರೆ ಎಂದು ಬರೆದಿದ್ದೀಯೆ. ದಯವಿಟ್ಟು ಅದನ್ನು ನಿಲ್ಲಿಸು. ಅವನು ಒಂದು ಸ್ವರವನ್ನೂ ಬಿಟ್ಟಿಲ್ಲ.

ನೀನು ಕೇಳಿದ ಹೋಲಿಕೆಯನ್ನು ಈಗ ನನಗೆ ಕೇಳಿದಷ್ಟರಲ್ಲೇ ಬರೆಯುತ್ತೇನೆ. ಮೇಳದ ಮಾತು ಮುಗಿಯುವ ಮೊದಲೇ ಮೀಸೆಯವನು ಬಾಯಿ ಹಾಕುತ್ತಾನೆ. ಬೋಳನು ಅದನ್ನು ಪೂರ್ತಿ ಕೇಳಿಸಿಕೊಂಡು, ಇವನು ಎದ್ದುಹೋದನೇ ಎಂದು ನಮಗೆ ಭಯವಾಗುವಷ್ಟು ಹೊತ್ತು ತಡೆದು, ಆಮೇಲೆ ಶುರುಮಾಡುತ್ತಾನೆ. ಮೀಸೆಯವನ ಎಡಗೈ ಮೂಟೆ ಹೊತ್ತು ಮೆಟ್ಟಿಲು ಇಳಿಯುವವನ ಹೆಜ್ಜೆ. ಬೋಳನದು ಮಲಗಿದ ಮಗುವನ್ನು ದಾಟಿಕೊಂಡು ಹೋಗುವವನ ಹೆಜ್ಜೆ. ಕೊನೆಯ ಭಾಗದಲ್ಲಿ ಮೀಸೆಯವನು ಮುಂದೆ ಓಡುತ್ತಾನೆ, ಮೇಳ ಏದುಸಿರು ಬಿಡುತ್ತ ಹಿಂದೆ ಬರುತ್ತದೆ. ಬೋಳನು ಅದನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ನನಗೆ ಬೋಳನೇ ಮೇಲು ಎನ್ನಿಸುತ್ತದೆ. ಆದರೆ ಅರ್ಧ ಪುಸ್ತಕ ಓದಿದವನ ಮಾತು ಇದು, ಅಷ್ಟಕ್ಕೇ ಬೆಲೆಕೊಡು.

ವೇಳೆಗೆ ಸರಿಯಾಗಿ ಊಟ ಮಾಡು. ಎಣ್ಣೆಯ ತಿಂಡಿ ಬಿಡು. ಚಿನ್ನಮ್ಮ ಚಿಕ್ಕಪ್ಪನಿಗೆ ಮುತ್ತು ಕಳಿಸಿದ್ದಾಳೆ, ಅಕ್ಕನ ಹರಕೆ ಯಾವತ್ತಿನಂತೆ ನಿನ್ನ ಮೇಲಿದೆ. ಶಿವನು ನಿನ್ನನ್ನು ಆರೋಗ್ಯವಾಗಿಟ್ಟಿರಲಿ.

ನಿನ್ನ ಅಣ್ಣ,
ಗಂಗಾಧರಪ್ಪ

ತಾ.ಕ. ನಿನ್ನ ಅತ್ತಿಗೆ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಾಳೆ, ಬರುವಷ್ಟರಲ್ಲಿ ಇದನ್ನು ಅಂಟಿಸಬೇಕು. ಕಿವಿನೋವು ಎಂದದ್ದು ಬಿಟ್ಟರೆ ಅವಳಿಗೆ ನಾನು ಏನೂ ಹೇಳಿಲ್ಲ. ಕಿವಿಯ ವಿಷಯ ತಿಳಿದರೆ ನಾಳೆಯಿಂದ ನನ್ನನ್ನು ಮಿಲ್ಲಿಗೆ ಬಿಡುವುದಿಲ್ಲ. ಮಿಲ್ಲು ಬಿಟ್ಟರೆ ನಮಗೆ ಬೇರೆ ಗತಿ ಇಲ್ಲ. ಸೇಟರಿಗೆ ನೀನು ನಿಜವನ್ನೇ ಹೇಳು, ಬೇರೆಯವರನ್ನು ನೋಡಿಕೊಳ್ಳಲಿ. ಆದರೆ ನನಗೆ ಉತ್ತರವನ್ನು ಲಕೋಟೆಯಲ್ಲಿ ಬರೆಯಬೇಡ, ಕಾರ್ಡಿನಲ್ಲಿ ಬರೆ. ಸೇಟರು ತಮ್ಮ ನೆಂಟರ ಹುಡುಗನನ್ನೇ ಆ ಕೆಲಸಕ್ಕೆ ಇಟ್ಟುಕೊಂಡರು ಎಂದು ಬರೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ. ಕಾರ್ಡು ಬಂದರೆ ಅವಳು ನನಗಿಂತ ಮೊದಲು ಓದುತ್ತಾಳೆ. ನಿನ್ನನ್ನೂ ಅವರನ್ನೂ ಬಯ್ಯುತ್ತಾಳೆ, ಸಹಿಸಿಕೋ. ಅದು ಶನಿವಾರ ಇಲ್ಲಿಗೆ ತಲುಪುವ ಹಾಗೆ ಮಾತ್ರ ಟಪ್ಪಾಲಿಗೆ ಹಾಕಬೇಡ. ಅವಳು ಟ್ರಂಕಿನಿಂದ ಕಂಬಳಿ ತೆಗೆಯುವಾಗ ಭಾನುವಾರವೆಲ್ಲ ನಾನು ಮನೆಯಲ್ಲೇ ಇರಬೇಕಾಗುತ್ತದೆ.