ಮೂವತ್ತನಾಲ್ಕನೇ ನಂಬರ್

ಅಕ್ಟೋಬರ್ 15, ಭಾನುವಾರ

ಮಗ ಟ್ರೇವಿಯನ್ ಎಂದಿನಂತೆ ಕಾಲೇಜು ಹಾಸ್ಟೆಲಿನಿಂದ ಕೊಳೆಬಟ್ಟೆ ಚೀಲ ತಂದು ಹಾಕಿದ. ಊಟ ಮುಟ್ಟಲಿಲ್ಲ.

ನಿನ್ನೆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ 24–20ರಲ್ಲಿ ಸೋತೆವು. ನಲವತ್ತು ಸೆಕೆಂಡ್ ಉಳಿದಿತ್ತು. ಹಿಂದೆ ನಿಂತು ಕಾಯಬೇಕಾದ ನನ್ನ ಮಗ ಮುಂದಕ್ಕೆ ನುಗ್ಗಿದ, ಚೆಂಡು ಅವನ ತಲೆ ಮೇಲಿಂದ ಎದುರಾಳಿಯ ಕೈಗೆ ಹೋಯಿತು. ಇವತ್ತು ಚರ್ಚಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಇಪ್ಪತ್ತು ವರ್ಷ ಇದೇ ಜನಕ್ಕೆ ಮೀನು ಕರಿದು ಬಡಿಸಿದ್ದೇನೆ!

ಅಕ್ಟೋಬರ್ 16, ಸೋಮವಾರ, ಮಧ್ಯಾಹ್ನ 3

ಕ್ಲಬ್ಬಿನ ಊಟ ಮುಗಿಯಿತು. ಪಂದ್ಯಗಳ ಕಾಲದಲ್ಲಿ ಪ್ರತಿ ಸೋಮವಾರ ತಂಡದ ಅಭಿಮಾನಿಗಳೆಲ್ಲ ನಮ್ಮ ಹೋಟೆಲಿಗೇ ಬರುವುದು, ಕೋಚ್‌ನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವುದು. ಕ್ಲಬ್ಬಿನ ಅಧ್ಯಕ್ಷ ಟೈರ್ ಅಂಗಡಿ ಹಾಲಿಸ್. ನಾನು ನೀರು ಬಡಿಸುತ್ತಿದ್ದೇನೆಂದು ಗೊತ್ತಿದ್ದೂ ಶುರು ಮಾಡಿದ.

“ಡಿಫೆನ್ಸ್ ಅಂದ್ರೆ ಎದುರಾಳಿನ ತಡೆಯೋ ಹನ್ನೊಂದು ಜನ. ಹತ್ತು ಜನ ಬೆವರು ಸುರಿಸಿದ್ರು. ಒಬ್ಬ ಹೀರೋ ಆಗೋಕೆ ಹೋದ.”

ಕ್ಷೌರಿಕ ಎಲ್ರಾಯ್ ಬಿಡಲಿಲ್ಲ. “ಮುಂದಿನ ಸಾಲಿನವರು ಏನ್ ಕಡಿದು ಕಟ್ಟೆ ಹಾಕಿದ್ರು? ಅವರ ಚೆಂಡು ಎಸೆಯೋನು ಆರಾಮಾಗಿ ನಿಂತು ಕಾಫಿ ಕುಡಿದು ಎಸೆದ! ಒಂದು ಸಲನಾದ್ರೂ ಕೆಡವಿದ್ರಾ ಅವನನ್ನ?”

“ಚೆಂಡು ಹಿಡ್ಕೊಂಡು ಓಡೋರನ್ನ ತಡೆದಿಲ್ವೇನಯ್ಯಾ? ಇಡೀ ದಿನ ನಲವತ್ತು ಗಜಾನೂ ಓಡೋಕೆ ಬಿಟ್ಟಿಲ್ಲ” ಎಂದ ಹಾಲಿಸ್.

“ಮೇಲಿಂದ ಎಸೆಯೋಕೆ ದಾರಿ ಇದ್ರೆ ಅವರ್ಯಾಕೆ ಓಡ್ತಾರೆ?”

ಡಿಫೆನ್ಸ್ ಕೋಚ್ ರಸ್ಕ್ ತಲೆ ತಗ್ಗಿಸಿ ಕೂತಿದ್ದ. “ಎಲ್ಲೋ ಹೊಂದಾಣಿಕೆ ತಪ್ಪಿತು” ಎಂದ. ಅಷ್ಟೇ. ನನ್ನ ಮಗನ ಪರವಾಗಿ ಒಂದೇ ಒಂದು ಮಾತಿಲ್ಲ. ಆಮೇಲೆ ಇನ್ನೊಂದು ಚೂರು ಪೀಚ್ ಕಡುಬು ಸಿಗುತ್ತಾ ಎಂದು ಕೇಳಿದ. ಮುಗಿದಿದೆ ಎಂದೆ. ಒಳಗೆ ಇಡೀ ತಟ್ಟೆ ಇತ್ತು.

ಅದೇ ದಿನ, ಸಂಜೆ

ಸಿಕ್ಕಿತು!! ಬಟ್ಟೆ ಚೀಲದ ತಳದಲ್ಲಿ ಮಗನ ಮಣಿಕಟ್ಟಿನ ಪಟ್ಟಿ. ಅದರೊಳಗೆ ಪ್ಲಾಸ್ಟಿಕ್ ಹಾಕಿದ ಕಾರ್ಡ್. ಕೋಚ್ ಬದಿಯಿಂದ ನಂಬರ್ ಕೂಗುತ್ತಾನೆ, ಹುಡುಗರು ಕಾರ್ಡ್ ನೋಡಿ ಆಡುತ್ತಾರೆ. ವಾರವಾರಕ್ಕೆ ಹೊಸ ಕಾರ್ಡ್, ನಂಬರುಗಳಿಗೆ ಹೊಸ ಅರ್ಥ, ಕಾರ್ಡಿನ ಮೇಲ್ಗಡೆ ಎದುರಾಳಿಯ ಹೆಸರು. ಇದರಲ್ಲಿರುವುದು ಸೋತ ಪಂದ್ಯಕ್ಕಿಂತ ಹಿಂದಿನ ವಾರದ ಎದುರಾಳಿ! ಕೊನೆಯಲ್ಲಿ ರಸ್ಕ್ ಕೂಗಿದ್ದು ಮೂವತ್ತನಾಲ್ಕು — ಟಿವಿಯಲ್ಲಿ ನಾನೇ ಕೇಳಿದ್ದೇನೆ. ಈ ಕಾರ್ಡಿನಲ್ಲಿ ಮೂವತ್ತನಾಲ್ಕು ಎಂದರೆ ‘ಮುಂದೆ ನುಗ್ಗು’.

ನನ್ನ ಮಗ ಹೇಳಿದ್ದನ್ನೇ ಮಾಡಿದ್ದಾನೆ. ಹಳೆಯ ಕಾರ್ಡ್ ಹಂಚಿದವನು ಆ ರಸ್ಕ್. ಹಂಚಿ, ಬಾಯಿಗೆ ಬೀಗ ಹಾಕಿಕೊಂಡು ಕಡುಬು ಕೇಳುತ್ತಾನೆ.

ಯಾರಿಗೂ ಹೇಳುವುದಿಲ್ಲ. ಟ್ರೇವಿಯನ್‌ಗೂ. ಮುಂದಿನ ಸೋಮವಾರ ಎಲ್ಲರ ಎದುರಿಗೆ.

ಅಕ್ಟೋಬರ್ 20, ಶುಕ್ರವಾರ

ಈ ವಾರ ಪಂದ್ಯವಿಲ್ಲ. ಕ್ಲಬ್ ಊಟ ಮಾತ್ರ ಇದೆ. ಕೆಲಸ ಮಾಡುತ್ತಾ ಮನಸ್ಸಿನಲ್ಲೇ ಹೇಳಿ ಹೇಳಿ ನೋಡುತ್ತಿದ್ದೇನೆ. ಎರಡು ಸಲ ಮೀನು ಸೀದುಹೋಯಿತು.

ಅಕ್ಟೋಬರ್ 23, ಸೋಮವಾರ

ಅಡುಗೆಮನೆಯ ಏಪ್ರನ್‌ನಲ್ಲೇ ಹೋದೆ. ಕಾರ್ಡನ್ನು ರಸ್ಕ್‌ನ ತಟ್ಟೆಯ ಪಕ್ಕ ಇಟ್ಟೆ.

“ಓದ್ರಿ ಕೋಚ್. ಗಟ್ಟಿಯಾಗಿ. ಮೂವತ್ತನಾಲ್ಕು ಅಂದ್ರೆ ಏನಿದೆ? ಮೇಲೆ ಯಾರ ಹೆಸರಿದೆ?”

ಕಾರ್ಡ್ ನೋಡಿದ. ನನ್ನನ್ನು ನೋಡಿದ.

“ಹಳೇ ಕಾರ್ಡು. ತಪ್ಪು ನಂದೇ, ಮಿಸ್ ವರ್ಲೀನ್. ಹುಡುಗಂದು ಏನೂ ಇಲ್ಲ.”

“ಒಂಬತ್ತು ದಿನ ನಾಲಿಗೆ ಎಲ್ಲಿ ಹೋಗಿತ್ತು?”

ರಸ್ಕ್ ಟೋಪಿ ತಲೆಗೆ ಹಾಕಿಕೊಂಡು ಎದ್ದ. ಹಾಲಿಸ್‌ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಎಲ್ರಾಯ್ ಮೇಜು ಕುಟ್ಟಿದ. ಒಳಗೆ ಹೋಗಿ ಇವತ್ತಿನ ಕಡುಬು ನಾನೇ ತಿಂದೆ.

ಅಕ್ಟೋಬರ್ 26, ಗುರುವಾರ

ರಸ್ಕ್‌ನನ್ನು ಕೆಲಸದಿಂದ ತೆಗೆದರು. ಅವನ ಮನೆ ಮುಂದೆ ರಟ್ಟಿನ ಪೆಟ್ಟಿಗೆಗಳು. ಬೇಕೆಂದೇ ಕಾರು ನಿಧಾನ ಮಾಡಿ ನೋಡಿದೆ. ಸುಳ್ಳೇಕೆ ಬರೆಯಲಿ, ಹೊಟ್ಟೆ ತಣ್ಣಗಾಯಿತು.

ಹಾಲಿಸ್ ಫೋನ್ ಮಾಡಿದ್ದ. “ಮಿಸ್ ವರ್ಲೀನ್, ಸೋಮವಾರ ನಿಮಗೆ ಹೂಗುಚ್ಛ, ಚಪ್ಪಾಳೆ. ನಾಲ್ಕು ಮಾತಾಡಬೇಕು ನೀವು.” ಮಾತಾಡುತ್ತೇನೆ. ಅವನ ಬಗ್ಗೆಯೂ ಎರಡು ಇಟ್ಟುಕೊಂಡಿದ್ದೇನೆ.

ಟ್ರೇವಿಯನ್ ಫೋನ್ ಎತ್ತುತ್ತಿಲ್ಲ. ನಾಲ್ಕು ದಿನವಾಯಿತು.

ಅಕ್ಟೋಬರ್ 29, ಭಾನುವಾರ

ಬಂದ. ಬಟ್ಟೆ ಚೀಲ ತಂದಿರಲಿಲ್ಲ. ಬಾಗಿಲಲ್ಲೇ ನಿಂತ.

“ಯಾಕಮ್ಮಾ ನನ್ನ ಕೇಳ್ಲಿಲ್ಲ? ಸೋತಿದ್ದಕ್ಕಿಂತ ಹಿಂದಿನ ಪಂದ್ಯದಲ್ಲಿ ಎದುರಾಳಿ ಎಸೆದ ಎರಡು ಚೆಂಡು ಹಿಡಿದಿದ್ದೆ. ಪಟ್ಟಿ ಬದಲಾಯಿಸಿದ್ರೆ ಅದೃಷ್ಟ ಹೋಗುತ್ತೆ ಅಂತ ಅದನ್ನೇ ಕಟ್ಕೊಂಡೆ. ಒಳಗಿನ ಕಾರ್ಡ್ ಬದಲಾಯಿಸೋದು ಮರೆತೆ. ಹೊಸದು ಲಾಕರ್‌ನಲ್ಲೇ ಇತ್ತು. ಕೋಚ್ ಕೊಟ್ಟಿದ್ರಮ್ಮಾ... ಅವರೇ ನನ್ನ ಕೈಗೆ ಕೊಟ್ಟಿದ್ರು.”

“ಅವನಿಗೆ ಗೊತ್ತಿತ್ತಾ?”

“ಪಂದ್ಯ ಮುಗಿದ ತಕ್ಷಣ ಹೇಳ್ದೆ. ಯಾರಿಗೂ ಹೇಳ್ಬೇಡ ಅಂದ್ರು. ನೀನು ಕಾರ್ಡ್ ಇಟ್ಟ ದಿನಾನೂ ಅದನ್ನೇ ಅಂದ್ರು. ‘ನಿಜ ಗೊತ್ತಾದ್ರೆ ನಿನ್ನ ತಂಡದಿಂದ ತೆಗೀತಾರೆ, ಆಟಕ್ಕೆ ಸಿಗೋ ವಿದ್ಯಾರ್ಥಿವೇತನ ಹೋಗಿ ಓದೂ ನಿಲ್ಲುತ್ತೆ. ನನಗೆ ಎಲ್ಲಾದ್ರೂ ಕೆಲಸ ಸಿಗುತ್ತೆ’ ಅಂದ್ರು.”

ಒಳಗೆ ಬಾ ಎಂದೆ. ಬರಲಿಲ್ಲ.

ಅಕ್ಟೋಬರ್ 30, ಸೋಮವಾರ, ಬೆಳಿಗ್ಗೆ 11

ರಸ್ಕ್ ಮೇಲೆ ಈಗ ಇನ್ನೂ ಹೆಚ್ಚು ಸಿಟ್ಟು. ಅಲ್ಲೇ ಎಲ್ಲರೆದುರು ನನ್ನ ಮುಖಕ್ಕೆ ಹೇಳಬಾರದಿತ್ತೆ? ಬೈಯಬಾರದಿತ್ತೆ? ತಪ್ಪು ನಂದೇ ಎಂದು ಬಿಟ್ಟನಲ್ಲ... ಅವನ ಹೆಂಡತಿ ಎಂಟು ತಿಂಗಳ ಬಸುರಿಯಂತೆ. ಎಲ್ರಾಯ್ ಹೇಳಿದ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಗನ ಓದು ಉಳಿಯುತ್ತದೆ. ಬಾಯಿ ಬಿಟ್ಟರೆ ಅವನು ನನ್ನ ಮನೆಗೆ ಮತ್ತೆ ಬರುತ್ತಾನೋ ಇಲ್ಲವೋ. ಬಿಡದಿದ್ದರೂ ಬರುತ್ತಾನೋ ಇಲ್ಲವೋ.

ಹೊರಗೆ ಕುರ್ಚಿ ಎಳೆಯುವ ಸದ್ದು. ಬಂದರು. ಹಾಲಿಸ್ ಮೈಕ್ ಪರೀಕ್ಷಿಸುತ್ತಿದ್ದಾನೆ, ನನ್ನ ಹೆಸರು ಕೂಗುತ್ತಿದ್ದಾನೆ. ಮೊದಲ ವಾಕ್ಯವನ್ನಾದರೂ ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಅಲ್ಲಿ ಧೈರ್ಯ ಸಾಲುವುದಿಲ್ಲ —

ಕೋಚ್ ರಸ್ಕ್ ನನ್ನ ಮಗನಿಗೆ ಸರಿಯಾದ ಕಾರ್ಡನ್ನೇ ಕೊಟ್ಟಿದ್ದರು.